ಸಾಹೇಬನ ಪಿಯಾನೋ, ಗುಡಗೇರಿಯ ತಬಲಾ

ನಮ್ಮ ಕಾಕಾನಿಗೆ ಈ ಭೂಮಿಯ ಮೇಲೆ ಒಬ್ಬನೇ ಒಬ್ಬ ವೈರಿ ಇದ್ದ. ಆ ವೈರಿಯ ಹೆಸರು ಕಾಕಾನಿಗೆ ಗೊತ್ತಿರಲಿಲ್ಲ, ಊರು ಗೊತ್ತಿರಲಿಲ್ಲ, ಮುಖವನ್ನಂತೂ ನೋಡಿಯೇ ಇರಲಿಲ್ಲ. ಆ ಒಬ್ಬ ನಿಜವಾಗಿ ಇಬ್ಬರು, ಅವರಲ್ಲೊಬ್ಬ ತೀರಿಕೊಂಡು ನೂರು ವರ್ಷದ ಮೇಲಾಗಿದೆ ಎಂಬ ಸಣ್ಣ ಸಂಗತಿ ಗೊತ್ತಾದದ್ದು ತೀರ ತಡವಾಗಿ! ಅಷ್ಟರೊಳಗೆ ಕಾಕಾ ಅವನನ್ನು ವರ್ಷಗಟ್ಟಲೆ ಬೈದು ಮುಗಿಸಿದ್ದ. ಗುಡಗೇರಿಯಲ್ಲಿ ಜಗಳಕ್ಕೇನು ಬರವೇ? ಹೊಲದ ಬದುವಿಗಾಗಿ ಜಗಳ ಆಡುವವರಿದ್ದರು, ಗಟಾರದ ನೀರಿಗಾಗಿ ಆಡುವವರಿದ್ದರು. ನಮ್ಮ ಕಾಕಾ ಜಗಳ ಆಡಿದ್ದು ತಾಳಕ್ಕಾಗಿ. ಅದೂ ಗ್ರಾಮಫೋನಿನ ಒಳಗಿದ್ದವನ ಜೊತೆ!

ಜಗಳದ ಕಥೆಗಿಂತ ಮೊದಲು ಕಾಕಾನ ಕಾಲಿನ ಕಥೆ ಹೇಳಬೇಕು. ಕಾಕಾ ಕೂತದ್ದನ್ನು ನೋಡಿದವರು ನಮ್ಮ ಬಳಗದಲ್ಲಿ ಯಾರೂ ಇರಲಿಲ್ಲ. ಹತ್ತಿ, ಮೆಣಸಿನಕಾಯಿಯ ದಲಾಲಿ ಅವನ ಉದ್ಯೋಗ. ಅಡ್ಡಾಡುವ ಕೆಲಸ ಸಿಕ್ಕಿದ್ದು ಅವನ ಪುಣ್ಯವೋ, ಅವನು ಸಿಕ್ಕಿದ್ದು ಆ ಕೆಲಸದ ಪುಣ್ಯವೋ! ಊಟವನ್ನು ಅರ್ಧ ಎಲೆಯ ಮುಂದೆ, ಅರ್ಧ ಅಂಗಳದಲ್ಲಿ ಮಾಡುತ್ತಿದ್ದ. ಕ್ಷೌರದವನು ಒಂದು ಗಲ್ಲವನ್ನು ನಮ್ಮ ಕಟ್ಟೆಯ ಮೇಲೆ ಬೋಳಿಸಿ, ಇನ್ನೊಂದು ಗಲ್ಲಕ್ಕಾಗಿ ಸ್ಟೇಶನ್ನಿನವರೆಗೂ ಬೆನ್ನು ಹತ್ತಬೇಕಾಗುತ್ತಿತ್ತು. ನಡುಮನೆಯ ಗೋಡೆಗೆ ಅವರ ಮದುವೆಯ ಫೋಟೋ ತೂಗುಹಾಕಿತ್ತು. ಅದರಲ್ಲಿ ಕಾಕು ಸ್ವಚ್ಛವಾಗಿ ಕಾಣುತ್ತಾಳೆ: ನತ್ತು, ದಂಡೆ, ಗಾಬರಿಯಾದ ಕಣ್ಣು, ಎಲ್ಲ. ಅವಳ ಬಾಜು ಕುರ್ಚಿಯ ಮೇಲೆ ಬೆಳ್ಳಗೆ ಒಂದು ಹೊಗೆ. ಬಂದವರಿಗೆಲ್ಲ ಕಾಕು ಆ ಹೊಗೆಗೆ ಬೆರಳು ಮಾಡಿ, "ಇವರ ನೋಡ್ರಿ ನಮ್ಮನಿಯವರು" ಎಂದು ಪರಿಚಯ ಮಾಡಿಕೊಡುತ್ತಿದ್ದಳು.

ನನಗೆ ಗುಡಗೇರಿಯ ಸಾಲೆಯಲ್ಲಿ ಮಾಸ್ತರಿಣಿಯ ಕೆಲಸ ಸಿಕ್ಕಿ, ನಾನು ಕಾಕಾನ ಮನೆಗೆ ಇರಲಿಕ್ಕೆ ಬಂದದ್ದು ಎಪ್ಪತ್ತರ ದಶಕದ ಆರಂಭದಲ್ಲಿ. ಬಂದ ದಿನವೇ ಕಾಕುವಿನ ಸಂಕಟ ನನ್ನ ಕಣ್ಣಿಗೆ ಬಿತ್ತು. ಸಂಕಟದ ಹೆಸರು ಚಹಾ. ಕಾಕು ಕುದಿಕುದಿಯುವ ಚಹಾ ಸೋಸಿ, ಕಪ್ಪು ಬಸಿಯನ್ನು ಮುಂದಿಡುವಳು. ಕಾಕಾ "ಈಗ ಬಂದೆ" ಎಂದು ಹೊರಗೆ ಹೋದನೆಂದರೆ ಪೇಟೆ, ಸ್ಟೇಶನ್ನು, ಹತ್ತಿಯ ಜಿನ್ನು ಎಲ್ಲ ಸುತ್ತಿ ಬರುವನು. ಚಹಾದ ಮೇಲೆ ಕೆನೆ ಕಟ್ಟಿರುತ್ತಿತ್ತು. ಅದನ್ನು ನಿಂತೇ ಗಟಗಟ ಕುಡಿದು ಮತ್ತೆ ಹೊರಗೆ! "ಮತ್ತೊಮ್ಮೆ ಕಾಸ್ತೀನಿ ತಡೀರಿ" ಎನ್ನುವಷ್ಟರಲ್ಲಿ ಆಸಾಮಿ ಓಣಿಯ ತಿರುವಿನಲ್ಲಿ. ಬಂಗಾರ ಕೇಳಿದವಳಲ್ಲ, ಕಾಶಿಗೆ ಕರೆದುಕೊಂಡು ಹೋಗಿರಿ ಎಂದು ಹಟ ಹಿಡಿದವಳಲ್ಲ. ಗಂಡ ತನ್ನ ಬಾಜು ಕೂತು ಒಂದು ಕಪ್ಪು ಬಿಸಿ ಚಹಾ ಕುಡಿಯಬೇಕು, ಇಷ್ಟೇ ಅವಳ ಆಸೆ. ಇದಕ್ಕಾಗಿ ಯಮನೂರಿನ ದರ್ಗಾಕ್ಕೆ ಹೋಗಿ, "ನಮ್ಮನಿಯವರು ಒಂದ ಘಳಿಗಿ ಕೂತ್ರ ಸಕ್ರಿ ಓದಸ್ತೀನಿ" ಎಂದು ಹರಕೆ ಹೊತ್ತು ಬಂದಿದ್ದಳು. ಆ ಹೊತ್ತಿನಲ್ಲಿ ಕಾಕಾ ಎಲ್ಲಿದ್ದ? ಅಲ್ಲಿಯೇ, ಹಳ್ಳದ ದಂಡೆಗುಂಟ ಅಡ್ಡಾಡುತ್ತಿದ್ದ!

ಕೂಡ್ರುವುದು ಗೊತ್ತಿಲ್ಲದ ಈ ಮನುಷ್ಯನಿಗೆ ಸಂಗೀತದ ಹುಚ್ಚು ಬೇರೆ. ಕುಂದಗೋಳದ ಕಡೆ ಎಲ್ಲಿ ಬೈಠಕ್ ಇದ್ದರೂ ಕಾಕಾ ಹಾಜರು. ಆದರೆ ಗವಾಯಿ ಆಲಾಪ ಶುರು ಮಾಡಿದನೆಂದರೆ ಇವನ ಕಾಲು ತುರಿಸಲಿಕ್ಕೆ ಹತ್ತುತ್ತಿದ್ದವು. ತಾಳವಿಲ್ಲದ ಕಡೆ ಮನುಷ್ಯ ಏನನ್ನು ಹಿಡಿದುಕೊಂಡು ಕೂಡಬೇಕು ಎಂದು ಅವನ ಪ್ರಶ್ನೆ. ಹೊರಗೆ ಚಹಾದ ಅಂಗಡಿಯ ಮುಂದೆ ಶತಪಥ ಹಾಕುತ್ತಿದ್ದವನು ತಬಲಾದ ಮೊದಲ ಪೆಟ್ಟು ಬಿದ್ದದ್ದೇ ಒಳಗೆ ಬಂದು, ಕಂಬಕ್ಕೆ ಆತು, ಬೆರಳು ಎಣಿಸುತ್ತ ನಿಲ್ಲುತ್ತಿದ್ದ.

ಅಂಥವನು ಒಮ್ಮೆ ಹತ್ತಿಯ ಅಂಡಿಗೆ ಕಟ್ಟುವ ಹಗ್ಗ ತರಲಿಕ್ಕೆಂದು ಹುಬ್ಬಳ್ಳಿಗೆ ಹೋಗಿ ಗ್ರಾಮಫೋನು ತಂದ. ಹಗ್ಗ ಮರೆತು ಬಂದ. ದೇಶ ಬಿಟ್ಟು ಹೊರಟಿದ್ದ ಯಾರೋ ಅಧಿಕಾರಿಯ ಮನೆಯ ಸಾಮಾನು ಮಾರುತ್ತಿದ್ದರಂತೆ. ಕೀಲಿ ತಿರುವುವ ಪೆಟ್ಟಿಗೆ, ಅದರ ಜೊತೆ ಒಂದಿಷ್ಟು ಪ್ಲೇಟು. ದಾರಿಯಲ್ಲಿ ರೈಲಿನ ನೂಕುನುಗ್ಗಲಿನಲ್ಲಿ ಒಡೆದು ಕೊನೆಗೆ ಉಳಿದದ್ದು ಒಂದೇ ಒಂದು ಪ್ಲೇಟು. ಅದರ ನಡುವಿನ ಚೀಟಿ ಹರಿದಿತ್ತು. ಪಿಯಾನೋ ಎಂಬ ಒಂದು ಮಾತು ಬಿಟ್ಟರೆ ಉಳಿದದ್ದು ಓದಲಿಕ್ಕೆ ಬರುತ್ತಿರಲಿಲ್ಲ. ಕಾಕಾ ಮೊದಲ ಸಲ ಅದನ್ನು ಕೇಳಿದಾಗ, "ಏನಿದು, ಬರೇ ಆಲಾಪ! ಠೇಕಾ ಎಲ್ಲದ?" ಎಂದು ನಡುವೆಯೇ ಎದ್ದು ಪೇಟೆಗೆ ಹೋದನಂತೆ. ಪ್ಲೇಟು ಕಪಾಟು ಸೇರಿತು. ಕೆಲವು ತಿಂಗಳ ಮೇಲೆ, ದೀಪಾವಳಿ ಮುಗಿದ ವಾರ, ಏನು ನೆನಪಾಯಿತೋ, "ಹಚ್ಚು ನೋಡೂಣು" ಎಂದ. ಕಾಕು ಹಚ್ಚಿದಳು. ಪಿಯಾನೋದ ಹಿಂದೆ ಮೆಲ್ಲಗೆ, ಅಗದಿ ಒಂದೇ ನಡಿಗೆಯಲ್ಲಿ, ಟಕ್... ಟಕ್... ಟಕ್...

ಕಾಕಾ ಕೂತ!

"ತಬಲಾ ಅದಲ್ಲ! ಹಿಂದಕ್ಕ ನನಗ ಕೇಳಿಸೇ ಇರಲಿಲ್ಲ. ನನ್ನ ಕಿವಿನ ತಯಾರ ಇರಲಿಲ್ಲ, ನೋಡು" ಎಂದನಂತೆ. ಕಾಕು ಮರುವಾರವೇ ಯಮನೂರಿಗೆ ಹೋಗಿ ಸಕ್ಕರೆ ಓದಿಸಿ ಬಂದಳು.

ನಾನು ಬರುವ ಹೊತ್ತಿಗೆ ಅದು ದಿನದ ಪೂಜೆಯಷ್ಟು ಖಾಯಂ ಆಗಿತ್ತು. ಮುಂಜಾನೆ ಸ್ನಾನ ಮಾಡಿ ಕಾಕಾ ಜಮಖಾನದ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂಡುವನು. ಪ್ಲೇಟು ಮುಟ್ಟುವ ಅಧಿಕಾರ ಕಾಕುವಿಗೆ ಮಾತ್ರ. ಅವಳು ಸೆರಗಿನಿಂದ ಅದನ್ನು ಒರೆಸಿ, ಹಚ್ಚಿ, ಅವನ ಬಾಜು ಕೂಡುವಳು. ಒಂದು ಮಗ್ಗಲು ಮುಗಿದ ಮೇಲೆ ಎದ್ದು ಇನ್ನೊಂದು ಮಗ್ಗಲು ಹಾಕುವಳು. ಆ ಹಾಡು, ಹಾಡಲ್ಲ, ಆ ಬಾಜಾ ನನಗೂ ಹಿಡಿಸಿತ್ತು. ಮೊದಲು ಯಾರೋ ಸಮಾಧಾನದಿಂದ ತಮ್ಮಷ್ಟಕ್ಕೆ ಮಾತಾಡಿಕೊಂಡ ಹಾಗೆ ಇರುತ್ತಿತ್ತು. ನಡುವೆ ಏನೋ ಕಳವಳ ಹುಟ್ಟಿ, ಸ್ವರಗಳು ಬಾಗಿಲಿಗೆ ಹೋಗಿ ಒಳಗೆ ಬಂದು, ಮತ್ತೆ ಬಾಗಿಲಿಗೆ ಹೋಗಿ ಚಡಪಡಿಸುತ್ತಿದ್ದವು. "ಇಂವನೂ ನನ್ನಂಥಾವನ. ಕೂತಲ್ಲೆ ಕೂಡಂಗಿಲ್ಲ" ಎಂದು ಕಾಕಾ ಅಭಿಮಾನದಿಂದ ಹೇಳುತ್ತಿದ್ದ. ಅಭಿಮಾನ ಅಷ್ಟಕ್ಕೇ ಮುಗಿಯಿತು. ಮರುಕ್ಷಣ ಬೈಗುಳ ಶುರು!

"ಲೇ, ಲೇ! ಮತ್ತ ತಡಾ ಮಾಡಿದಿ! ತಬಲಾದಾಂವ ಕಾಯ್ಲಿಕತ್ತಾನ, ಕಾಣಂಗಿಲ್ಲೇನ?"

ಪಿಯಾನೋದ ಸಾಹೇಬನಿಗೆ ಕಾಣುತ್ತಿರಲಿಲ್ಲ. ಟಕ್ ಬಿದ್ದ ಮೇಲೆ ಆರಾಮಾಗಿ ಬರುತ್ತಿದ್ದ, ಒಮ್ಮೊಮ್ಮೆ ಮೊದಲೇ ಓಡಿ ಹೋಗುತ್ತಿದ್ದ. ಕಾಕಾ ತೊಡೆಯ ಮೇಲೆ ತಾಳ ಹಾಕುತ್ತ ಹಲ್ಲು ಕಡಿಯುತ್ತಿದ್ದ. ಅವನ ಪ್ರೀತಿಯೆಲ್ಲ ಆ ತಬಲಾದವನ ಮೇಲೆ. "ಎಂಥಾ ಸಂಭಾವಿತ ಮನಷ್ಯಾ, ನೋಡು! ಮುಂದಿನಾಂವ ಹೆಂಗರೆ ಕುಣೀಲಿ, ತಾ ಮಾತ್ರ ನಡಿಗಿ ಬಿಡಂಗಿಲ್ಲ. ಒಂದ ತುಕಡಾ ಹೊಡದು ತೋರಸಬೇಕು, ಹೆಸರ ತೊಗೋಬೇಕು, ಏನೂ ಇಲ್ಲ. ಇಂಥಾವರು ಸಿಗೂದಿಲ್ಲವಾ ಈಗ!" ಎಂದು ನನಗೆ ಉಪದೇಶ ಮಾಡುತ್ತಿದ್ದ. ಕಾಕು ಕೆಳಗೆ ಮುಖ ಹಾಕಿ ಜಮಖಾನದ ದಾರ ಎಳೆಯುತ್ತಿದ್ದಳು. ಕೀಲಿ ಸಡಿಲಾಗಿ ಪ್ಲೇಟು ನಿಧಾನವಾದರೆ ಪಿಯಾನೋ ಗೊಗ್ಗರಾಗುತ್ತಿತ್ತು, ಟಕ್ಕೂ ಕಾಲೆಳೆಯುತ್ತಿತ್ತು. "ಇಬ್ರೂ ದಣದಾರ, ಪಾಪ" ಎಂದು ಕಾಕಾ ಮರುಗುತ್ತಿದ್ದ.

ಆದರೆ ಇದು ಯಾವ ತಾಳ? ಅದೊಂದು ಹುಳ ಕಾಕಾನ ತಲೆಯಲ್ಲಿ ಹೊಕ್ಕಿತು. ಊರಿನಲ್ಲಿ ಭಜನೆಗೂ ನಾಟಕಕ್ಕೂ ತಬಲಾ ನುಡಿಸುತ್ತಿದ್ದ ಹುಸೇನಸಾಬರನ್ನು ಕರೆಸಿದ. ಅವರು ತಬಲಾ ಬಿಚ್ಚಿ, ಸುತ್ತಿಗೆಯಿಂದ ಕುಟ್ಟಿ ಶ್ರುತಿ ಮಾಡಿ, ಪ್ಲೇಟಿನ ಜೊತೆ ಕೂತರು. ತೀನ್‍ತಾಲ ಹಿಡಿದು ನೋಡಿದರು. ರೂಪಕ ಹಿಡಿದು ನೋಡಿದರು. ಝಪತಾಲದಲ್ಲಿ ಅರ್ಧ ದಾರಿ ಹೋಗಿ ಕೈ ಎತ್ತಿಬಿಟ್ಟರು.

"ರಾಯರ, ತಬಲಾದಾಂವ ಅಗದಿ ಸಾಪ್ ಇದ್ದಾನ್ರಿ. ಖರೇ, ಈ ಸಾಹೇಬ ತಾಳದ ಮೊದಲನೇ ಪೆಟ್ಟು, ಆ ಸಮ್, ಎಲ್ಲೆ ಮುಚ್ಚಿಟ್ಟಾನೋ ಅಲ್ಲಾಗ ಗೊತ್ತು!"

"ನಾ ಹೇಳ್ಲಿಲ್ಲೇನು? ತಪ್ಪು ಸಾಹೇಬನ್ದು!" ಎಂದು ಕಾಕಾ ವಿಜಯದ ನಗೆ ನಕ್ಕ. ಹುಸೇನಸಾಬರು ಚಹಾ ಕುಡಿದು ಹೋದರು. ಬಿಸಿಯಾಗಿಯೇ ಕುಡಿದರು. ಕಾಕು ಅವರನ್ನೇ ಆಸೆಯಿಂದ ನೋಡುತ್ತ ನಿಂತಿದ್ದಳು.

ಒಂದು ಆದಿತ್ಯವಾರ ಕಾಕು ಹಪ್ಪಳ ಒಣಗಿಸುತ್ತಿದ್ದಾಗ, ಅವಳಿಗೆ ಸಹಾಯ ಮಾಡೋಣವೆಂದು ನಾನೇ ಪ್ಲೇಟು ತೆಗೆದು ಒರೆಸಲಿಕ್ಕೆ ಹತ್ತಿದೆ. ಬಿಸಿಲಿಗೆ ಹಿಡಿದಾಗ ಕಂಡಿತು: ಅಂಚಿನಿಂದ ನಡುವಿನ ಚೀಟಿಯವರೆಗೆ ಕೂದಲೆಳೆಯಂಥ ಒಂದು ಬಿರುಕು. ಬೆರಳಾಡಿಸಿದರೆ ಉಗುರಿಗೆ ಸಿಗುತ್ತಿತ್ತು. ಪ್ಲೇಟು ಒಂದು ಸುತ್ತು ಬಂದಾಗೊಮ್ಮೆ ಸೂಜಿ ಇದನ್ನು ದಾಟಬೇಕಲ್ಲ, ದಾಟುವಾಗ ಟಕ್! ಸಂಭಾವಿತ ತಬಲಾದವನು ಯಾರೆಂದು ನನಗೆ ತಿಳಿಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಕಾಕು ಹಿಟ್ಟಿನ ಕೈಯಿಂದಲೇ ನನ್ನ ಮುಂಗೈ ಹಿಡಿದಳು.

"ನಾನ ಕೆಡವಿದ್ದು, ತಂಗಿ. ದೀಪಾವಳಿಗೆ ಕಪಾಟ ಒರಸೂಮುಂದ ಕೈ ಜಾರ್ತು. ಹೇಳಬೇಕಂತ ಇದ್ದೆ. ಅಷ್ಟರಾಗ ಹಚ್ಚು ಅಂದ್ರು, ಹಚ್ಚಿದೆ. ಅದು ಟಕ್ ಅಂತು, ಇವರು ಕೂತ್ರು!"

"ಅಲ್ಲ ಕಾಕೂ, ಎಷ್ಟ ದಿನಾ ಮುಚ್ಚಿಡ್ತೀ?"

"ಯಮನೂರಾಗ ಸಕ್ರಿ ಓದಿಸಿ ಬಂದೀನಿ. ದೇವರು ಕೊಟ್ಟದ್ದನ್ನ ನಾ ಯಾಕ ತಿರುಗಿ ಕೊಡ್ಲಿ?" ಎಂದಳು. ಮಾಸ್ತರಿಣಿಯಾದ ನಾನು ಕಳ್ಳರ ಪಾರ್ಟಿ ಸೇರಿಬಿಟ್ಟೆ.

ಆದರೆ ಕಾಕಾನ ಹುಳ ಸುಮ್ಮನಿರಬೇಕಲ್ಲ! ಹುಬ್ಬಳ್ಳಿಯ ಒಂದು ಸಾಲೆಯಲ್ಲಿ ಪಿಯಾನೋ ಕಲಿಸುವ ಮಾಸ್ತರಿಣಿ ಬಾಯಿಯೊಬ್ಬರು ಇದ್ದಾರೆಂದು ಯಾರೋ ಅವನ ಕಿವಿಯಲ್ಲಿ ಊದಿದರು. "ಅವರನ್ನ ಕೇಳೇ ಬಿಡ್ತೀನಿ. ಯಾವ ತಾಳ, ಸಾಹೇಬ ಯಾಕ ತಪ್ಪತಾನ, ತಬಲಾದಾಂವನ ಹೆಸರೇನು" ಎಂದು ಹೊರಟ. ಇಂಗ್ಲಿಷ್ ಮಾತಿಗೆಂದು ನನ್ನನ್ನೂ ಎಳೆದುಕೊಂಡ. ಕಾಕುವಿನ ಮುಖ ಬಿಳಿಚಿಕೊಂಡಿತು. "ಪ್ಲೇಟು ಒಯ್ಯಬ್ಯಾಡ್ರಿ, ದಾರ್ಯಾಗ ಒಡೀತದ" ಎಂದಳು, ಒಡೆದವಳೇ! ನನ್ನನ್ನು ಅಡಿಗೆಮನೆಗೆ ಕರೆದು, "ಆ ಬಾಯಿಗೆ ಹೆಂಗರೆ ಕಣ್ಣಸನ್ನಿ ಮಾಡ" ಎಂದು ಕೈ ಹಿಡಿದುಕೊಂಡಳು. ಮುಖ ನೋಡದ ಬಾಯಿಗೆ ಕಣ್ಸನ್ನೆ ಮಾಡಿ ಏನು ಹೇಳುವುದು? ಪಿಯಾನೋಕ್ಕೆ ತಬಲಾ ಇದೆ ಎಂದೇ?

ಗುಡಗೇರಿಯಿಂದ ಹುಬ್ಬಳ್ಳಿಗೆ ಕಾಕಾ ರೈಲಿನಲ್ಲಿ ನಡೆದೇ ಬಂದ. ಡಬ್ಬಿಯ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ. ಸಂಶಿ ಬರುವಷ್ಟರಲ್ಲಿ ಡಬ್ಬಿಯ ಮಂದಿಗೆಲ್ಲ ಸಾಹೇಬನ ತಪ್ಪು ಗೊತ್ತಾಗಿತ್ತು. ಕುಂದಗೋಳ ದಾಟುವಾಗ ಒಬ್ಬ ಮುದುಕ, "ಅಂಥವನ ಜೋಡಿ ಪಂಚಾಯ್ತಿ ಹಚ್ಚಿಬಿಡ್ರಿ" ಎಂದು ಸಲಹೆಯನ್ನೂ ಕೊಟ್ಟ.

ಪಿಯಾನೋ ಬಾಯಿ ನೆರೆತ ಕೂದಲಿನ, ನಗುಮುಖದ ಹೆಂಗಸು. ಇಂಗ್ಲಿಷಿನ ಅವಶ್ಯಕತೆಯೇ ಬೀಳಲಿಲ್ಲ, ಚೊಕ್ಕ ಹುಬ್ಬಳ್ಳಿ ಕನ್ನಡ ಮಾತಾಡಿದರು. ಕಾಕಾ ನಿಂತಲ್ಲೇ ಧಾಟಿ ಗುನುಗಿ, ಬೆರಳಿನಿಂದ ಮೇಜಿನ ಮೇಲೆ ಟಕ್ ಟಕ್ ಹಾಕಿ ತೋರಿಸಿದ. ಎರಡು ಸಾಲು ಗುನುಗುವಷ್ಟರಲ್ಲಿ ಬಾಯಿಯ ಕಣ್ಣು ಅರಳಿದವು. ಪಿಯಾನೋದ ಮುಚ್ಚಳ ತೆಗೆದು ನುಡಿಸಲಿಕ್ಕೆ ಹತ್ತಿದರು. ಅದೇ! ಮೊದಲಿನ ಸಮಾಧಾನ ಅದೇ, ನಡುವಿನ ಕಳವಳ ಅದೇ. ಟಕ್ ಒಂದು ಇಲ್ಲ. ಕಾಕಾ ಪಿಯಾನೋದ ಹಿಂದೆ ಹೋಗಿ ನೋಡಿದ. ಕೆಳಗೆ ಬಗ್ಗಿ ನೋಡಿದ.

"ತಬಲಾದಾಂವ ಎಲ್ಲಿದ್ದಾನ್ರಿ?"

"ತಬಲಾ ಎಲ್ಲಿದ್ರಿ ಇದಕ್ಕ? ಇದು ಒಬ್ಬರ ನುಡಿಸೂದು. ಜೋಡಿ ಯಾರೂ ಇರಂಗಿಲ್ಲ."

ನಾನು ಗೋಡೆಯ ಮೇಲಿನ ಕ್ಯಾಲೆಂಡರು ನೋಡತೊಡಗಿದೆ. ಬಾಯಿ ಹೇಳುತ್ತ ಹೋದರು. ಇದಕ್ಕೆ ನಾಕ್ಟರ್ನ್ ಅನ್ನುತ್ತಾರೆ, ರಾತ್ರಿಯ ಬಾಜಾ. ಬರೆದವನು ತೀರಿಕೊಂಡು ನೂರು ವರ್ಷದ ಮೇಲಾಯಿತು. ಮೈ ಸೋತು, ಇನ್ನು ಹೆಚ್ಚು ದಿನ ಇಲ್ಲ ಎನ್ನುವಂಥ ಕೊನೆಯ ವರ್ಷಗಳಲ್ಲಿ ಬರೆದದ್ದು. ಪ್ಲೇಟಿನಲ್ಲಿ ನುಡಿಸಿದವನು ಬೇರೆ ಯಾರೋ.

"ಹಂಗಾರ ನಾ ಇಷ್ಟ ದಿನಾ ಬೈದದ್ದು ಯಾರಿಗೆ?" ಎಂದ ಕಾಕಾ. ಅಷ್ಟರಲ್ಲಿ ಇನ್ನೊಂದು ಹೊಳೆಯಿತು. "ರಾತ್ರಿದ್ದು?! ರಾತ್ರಿ ಬಾಜಾ ನಾ ದಿನಾ ಮುಂಜಾನೆ, ಸ್ನಾನಾ ಮಾಡಿ, ಪೂರ್ವಕ್ಕ ಮಾರಿ ಮಾಡಿ..." ರಾತ್ರಿಯ ರಾಗವನ್ನು ಬೆಳಿಗ್ಗೆ ಹಾಡಿದ ಗವಾಯಿಯನ್ನು ಬೈಠಕ್ಕಿನಿಂದ ಎದ್ದು ಬಂದು ಬೈದಿದ್ದ ಮನುಷ್ಯ ಇವನು! ಈಗ ಇವನನ್ನು ಯಾರು ಬೈಯಬೇಕು? ಪಾಪ, ಬಾಯಿ ಸಮಾಧಾನ ಹೇಳಲಿಕ್ಕೆಂದು, "ತಾಳ ತಪ್ಪಿಲ್ರಿ ಅವರು. ಇಲ್ಲೆ ನೋಡ್ರಿ, ಎಡಗೈ ಲಯ ಕಾಯ್ತದ. ಬಲಗೈ ಬೇಕಾದಂಗ ಅಡ್ಡಾಡಿ ಬರ್ತದ. ಈ ಬಾಜಾದ ಚಂದನ ಅದು" ಎಂದು ಎರಡೂ ಕೈ ಬಿಡಿಸಿ ತೋರಿಸಿದರು.

ತಿರುಗಿ ಬರುವಾಗ ಕಾಕಾ ಡಬ್ಬಿಯ ಬಾಗಿಲಿನಲ್ಲಿ ನಿಂತವನು ಅಲ್ಲಾಡಲಿಲ್ಲ. ಅವನು ಅಡ್ಡಾಡಿದ್ದರೆ ನನಗೆ ಧೈರ್ಯ ಬರುತ್ತಿತ್ತು. ಅವನ ಬದಲು ನಾನೇ ಎದ್ದು ಕೂತು ಮಾಡುತ್ತಿದ್ದೆ. ಗುಡಗೇರಿಯ ಸಿಗ್ನಲ್ಲು ಕಂಡಾಗ ಒಂದೇ ಮಾತು ಕೇಳಿದ: "ಎಡಗೈ ಎಂದೂ ಬ್ಯಾಸರಾ ಮಾಡ್ಕೊಳ್ಳಂಗಿಲ್ಲೇನವಾ?"

ಮನೆಗೆ ಬಂದಾಗ ಕಾಕು ದೇವರಿಗೆ ದೀಪ ಹಚ್ಚುತ್ತಿದ್ದಳು. ಕಾಕಾ ಹುಡುಕಿ ಚಷ್ಮಾ ಹಾಕಿಕೊಂಡ. ಅವನು ಚಷ್ಮಾ ಹಾಕಿಕೊಂಡದ್ದನ್ನು ನಾನು ಆ ಮನೆಯಲ್ಲಿ ನೋಡಿದ್ದು ಅದೇ ಮೊದಲು. ಕಪಾಟು ತೆಗೆದು, ಪ್ಲೇಟನ್ನು ಬಲ್ಬಿನ ಬೆಳಕಿಗೆ ಹಿಡಿದ. ಅಂಚಿನಿಂದ ಚೀಟಿಯವರೆಗೆ ಬೆರಳಾಡಿಸಿದ.

"ಯಾವಾಗ?"

"ದೀಪಾವಳಿ ಮುಂದ. ಕೈ ಜಾರ್ತು."

"ನಾ ತಬಲಾ ತಬಲಾ ಅಂತ ಊರಿಗೆಲ್ಲಾ ಸಾರಕೋತ ತಿರಗಿದ್ನೆಲ್ಲ, ಹೇಳಬಾರದಾಗಿತ್ತೇನು?"

ಕಾಕು ಸೆರಗಿನ ತುದಿ ತಿರುವುತ್ತ ನಿಂತಳು. "ಹೇಳಿದ್ರ ನೀವು ಎದ್ದ ಹೋಗ್ತಿದ್ರಿ" ಎಂದಳು. "ಮದಿವ್ಯಾಗಿ ಇಷ್ಟ ವರ್ಷಾತು, ನೀವು ನನ್ನ ಬಾಜು ಕೂತದ್ದ ಇಲ್ಲ. ಫೋಟೋದಾಗ ಸೈತ ಕೂತಿಲ್ಲ. ಅದು ಟಕ್ ಅಂದ ದಿನಾ ಕೂತ್ರಿ. ನನಗ ಅಷ್ಟ ಸಾಕಾಗಿತ್ತು. ನೀವು ನನಗ ಬೈರಿ, ಏನರೆ ಮಾಡ್ರಿ, ಖರೇ ನಾಳಿಂದ ಕೂಡಂಗಿಲ್ಲ ಅನಬ್ಯಾಡ್ರಿ."

ಕಾಕಾ ಪ್ಲೇಟನ್ನು ಪೆಟ್ಟಿಗೆಯ ಮೇಲಿಟ್ಟು ಅಂಗಳಕ್ಕೆ ಹೋದ. ಅವನ ಚಪ್ಪಲಿಯ ಸಪ್ಪಳ ಬಾವಿಯವರೆಗೆ ಹೋಗುವುದು, ತಿರುಗಿ ಬರುವುದು, ಮತ್ತೆ ಹೋಗುವುದು ಕೇಳುತ್ತಿತ್ತು. ಕಾಕು ಒಲೆಯ ಮುಂದೆ ಹೋಗಿ ಚಹಾಕ್ಕೆ ನೀರಿಟ್ಟಳು. ಏನು ಮಾಡಬೇಕೆಂದು ತಿಳಿಯದಾಗ ಅವಳು ಮಾಡುತ್ತಿದ್ದದ್ದು ಅದೊಂದೇ. ನನಗೆ ಕಾಕಾನ ಮೇಲೆ ಎಂಥ ಸಿಟ್ಟು ಬಂದಿತ್ತೆಂದರೆ, ಆ ಚಪ್ಪಲಿಗಳನ್ನು ಎತ್ತಿ ಬಾವಿಗೆ ಒಗೆಯಬೇಕು ಎನ್ನಿಸಿತ್ತು.

ಸಪ್ಪಳ ನಿಂತಿತು. ಕಾಕಾ ಒಳಗೆ ಬಂದು, ತಾನೇ ಜಮಖಾನ ಹಾಸಿದ.

"ಹಚ್ಚು."

"ಈಗ?" ಎಂದಳು ಕಾಕು.

"ರಾತ್ರಿ ಬಾಜಾ ಅಂತ ಅದು. ಈಗ ಹಚ್ಚದ ಇನ್ಯಾವಾಗ ಹಚ್ಚತಿ? ಹಚ್ಚು, ನಿನ್ನ ತಬಲಾದ್ದು. ಎಂಥಾ ಸಾಥ್ ಕೊಟ್ಟೀಯೇ! ಹುಸೇನಸಾಬ ಸೈತ ಹೌದು ಅಂದಾನ, ತಬಲಾ ಅಗದಿ ಸಾಪ್ ಅದ ಅಂತ."

ಕಾಕು ಕೀಲಿ ಕೊಟ್ಟು ಸೂಜಿ ಇಟ್ಟಳು. ಟಕ್... ಟಕ್... ಅವತ್ತು ಕಾಕಾ ಸಾಹೇಬನನ್ನು ಬೈಯಲಿಲ್ಲ. ಸಾಹೇಬ ತಡ ಮಾಡಿದಾಗ, ಟಕ್ ಮೊದಲೇ ಬಂದು ಕಾದು ನಿಂತಾಗ, ಕಣ್ಣು ತೆರೆದು ಕಾಕುವಿನ ಮುಖ ನೋಡಿದ. ಅವಳು ಎದ್ದು ಮಗ್ಗಲು ಬದಲಿಸಿ ಬಂದಾಗ ಸರಿದು ಜಾಗ ಮಾಡಿಕೊಟ್ಟ. ನಡುವಿನ ಕಳವಳವೆಲ್ಲ ಮುಗಿದು ಪಿಯಾನೋ ಒಂದು ಕಡೆ ಮೆಲ್ಲಗೆ ಕೂತಿತು. ಆಮೇಲೂ ಪ್ಲೇಟು ಸುಮ್ಮನೆ ತಿರುಗುತ್ತಿತ್ತು, ಬರೀ ಟಕ್ ಟಕ್ ಎನ್ನುತ್ತಿತ್ತು. ಮುಗಿದದ್ದೇ ತಡ ಜಿಗಿದು ಏಳುವ ಕಾಕಾ ಏಳಲಿಲ್ಲ. ಇನ್ನಷ್ಟು ಹೊತ್ತು ಕೂತ. ಕೀಲಿ ಇಳಿದು ಆ ಸಪ್ಪಳವೂ ನಿಂತಿತು, ಆಗಲೂ ಏಳಲಿಲ್ಲ.

ಚಹಾ ಕುದಿಯುತ್ತಿತ್ತು. ನಾನೇ ಹೋಗಿ ಸೋಸಿ, ಎರಡು ಕಪ್ಪು ತಂದು ಇಬ್ಬರ ಮುಂದಿಟ್ಟೆ. ಕಾಕಾ ದಿನದ ರೂಢಿಯಂತೆ ಕಪ್ಪೆತ್ತಿ ಗಟಕ್ಕನೆ ಬಾಯಿಗೆ ಹಾಕಿಕೊಂಡು, ಕಣ್ಣು ಬಾಯಿ ಬಿಟ್ಟ.

"ಅಯ್ಯಯ್ಯೋ! ಚಹಾ ಇಷ್ಟ ಸುಡ್ತದೇನ?"

ಕಾಕು ನಗಲಿಕ್ಕೆ ಹೋಗಿ ಅತ್ತುಬಿಟ್ಟಳು. ಕಣ್ಣೊರೆಸಿಕೊಂಡು, ಅವನ ಚಹಾವನ್ನು ಬಸಿಗೆ ಸುರುವಿ, ಬಾಯಿಂದ ಊದಿ, ಅವನ ಕೈಗೆ ಕೊಟ್ಟಳು.

"ಹೌದ್ರಿ. ಸುಡ್ತದ್ರಿ. ಸಾವಕಾಶ ಕುಡೀರಿ."